ಗ್ರೂಪಲ್ಲಿ ಹಾಕಿದ್ವಿ ಅಂದ್ರೆ ತಿಳಿಸಿದ ಹಾಗಾಯ್ತಾ?

ಈ ಸಲ ಬಂದ ಕಾಗದಗಳಲ್ಲಿ ಒಂದನ್ನ ಎತ್ಕೊಂಡಿದೀನಿ. ಬರೆದಿರೋರು ಒಬ್ಬ ತಾಯಿ, ಹೆಸರು ಊರು ಹಾಕ್ಬೇಡಿ ಅಂದಿದಾರೆ. ಕಾಗದದ ಮುಖ್ಯ ಭಾಗ ಇದು:

"ಸರ್, ನನ್ನ ಮಗಳು ನಮ್ಮೂರ ಸರ್ಕಾರಿ ಶಾಲೇಲಿ ಎಂಟನೇ ಕ್ಲಾಸು, ಓದೋದ್ರಲ್ಲಿ ಚುರುಕು. ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ, ಪಾಸಾಗಿ ಆಯ್ಕೆ ಆದ್ರೆ ಸ್ಕಾಲರ್‌ಶಿಪ್ ಬರುತ್ತೆ ಅನ್ನೋದು ನಂಗೆ ಗೊತ್ತಾಗಿದ್ದು ಕೊನೇ ತಾರೀಖು ಮುಗಿದು ಒಂಬತ್ತು ದಿನ ಆದ್ಮೇಲೆ. ಮೇಡಂನ ಕೇಳಿದ್ರೆ ಗ್ರೂಪಲ್ಲಿ ಹಾಕಿದ್ವಲ್ಲಮ್ಮ ಅಂದ್ರು. ದೊಡ್ಡ ಫೋನು ಯಜಮಾನ್ರ ಹತ್ರ, ಅವರು ಬೆಂಗಳೂರಲ್ಲಿ ಗಾರೆ ಕೆಲಸ. ಗ್ರೂಪಲ್ಲಿ ದಿನಾ ನೂರಾರು ಮೆಸೇಜು ಬರುತ್ತೆ ಅಂತ ಅವರು ನೋಡೋದೇ ಬಿಟ್ಟಿದ್ರು. ನಾನು ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕೋಕೆ ಶಾಲೆ ಮುಂದೇನೇ ಹೋಗ್ತೀನಿ. ಗೇಟಲ್ಲಿ ಒಂದು ಚೀಟಿ ಅಂಟಿಸಿದ್ರೂ ಓದ್ತಿದ್ದೆ. ಇದು ನನ್ನ ತಪ್ಪಾ, ಶಾಲೆ ತಪ್ಪಾ?"

ಇದರ ಜೊತೆ ಶಾಲೆಯೋರು ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದ ಪಿಡಿಎಫ್‌ನ ಪ್ರಿಂಟ್ ತೆಗೆಸಿ ಇಟ್ಟಿದಾರೆ, ಮೂರು ಪುಟ.

ಅಮ್ಮಾ, ನಿಮ್ಮ ಕಾಗದ ಓದಿದ ರಾತ್ರಿ ನಂಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕಂದ್ರೆ ಆ ಪರೀಕ್ಷೆ ಬರೆಯೋ ಅವಕಾಶ ಇರೋದು ಎಂಟನೇ ಕ್ಲಾಸಲ್ಲಿ ಮಾತ್ರ. ಆಯ್ಕೆ ಆದ್ರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೂ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹಾಲು ಹಾಕಿ ಸಂಸಾರ ತೂಗಿಸೋ ಮನೇಲಿ ಅದು ಸಣ್ಣ ದುಡ್ಡಲ್ಲ. ಮನೆ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರೋರಿಗೆ, ಸರ್ಕಾರಿ ಮತ್ತೆ ಅನುದಾನಿತ ಶಾಲೆ ಮಕ್ಕಳಿಗೆ ಅಂತಾನೇ ಮಾಡಿರೋ ಯೋಜನೆ ಅದು, ಅಂದ್ರೆ ನಿಮ್ಮಂಥೋರಿಗಾಗೇ ಮಾಡಿರೋದು ನಿಮಗೇ ತಲುಪಲಿಲ್ಲ.

ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ: ದೊಡ್ಡ ತಪ್ಪು ನಿಮ್ಮದಲ್ಲ.

ವಾಟ್ಸಾಪ್ ಬೇಡ ಅಂತ ನಾನು ಹೇಳೋನಲ್ಲ. ಮಲೆನಾಡು ಕರಾವಳಿ ಕಡೆ ಜುಲೈ ಮಳೇಲಿ ಹಳ್ಳ ತುಂಬಿ, ಬೆಳಿಗ್ಗೆ ಆರು ಗಂಟೆಗೆ ಜಿಲ್ಲಾಧಿಕಾರಿ ರಜೆ ಕೊಟ್ರೆ, ಏಳರೊಳಗೆ ಮನೆ ಮನೆಗೆ ಮುಟ್ಟಿಸೋಕೆ ಅದಕ್ಕಿಂತ ಬೇಗದ್ದು ಇನ್ನೊಂದಿಲ್ಲ, ಅದನ್ನ ಒಪ್ತೀನಿ. ಆದ್ರೆ ಅದೇ ಊರುಗಳಲ್ಲೇ ಹೋದ ವರ್ಷದ ರಜೆ ಆದೇಶಕ್ಕೆ ತಾರೀಖು ತಿದ್ದಿ ಸುಳ್ಳು ಆದೇಶ ಹರಿಬಿಡ್ತಾರೆ, ಮಕ್ಕಳು ಮನೇಲಿ ಉಳೀತಾರೆ, ಆಮೇಲೆ ಅಧಿಕಾರಿಗಳು ಅದು ನಮ್ಮದಲ್ಲ ಅಂತ ಇನ್ನೊಂದು ಪ್ರಕಟಣೆ ಕೊಡ್ಬೇಕು. ಶಾಲೆ ಗೇಟಿನ ಕಪ್ಪು ಹಲಗೆ ಮೇಲೆ ಹೆಡ್ಮಾಸ್ಟ್ರು ಸೀಮೆಸುಣ್ಣದಲ್ಲಿ ಬರೆದಿದ್ದನ್ನ ಯಾರೂ ಹಾಗೆ ನಕಲು ಮಾಡೋಕಾಗಲ್ಲ, ಆ ಅಕ್ಷರ ಇಡೀ ಊರಿಗೇ ಗುರುತು.

ನಮ್ಮೂರಲ್ಲಿ ಅಂಥ ಹಲಗೆ ಇತ್ತು. ಎಪ್ಪತ್ತರ ದಶಕದ ಮಾತು. ಶಾಲೆ ಬಾಗಿಲ ಪಕ್ಕ ಹೊಂಗೆ ಮರಕ್ಕೆ ಆನಿಸಿದ್ದ ಒಂದು ಹಲಗೆ, ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಮ್ಮ ಹೆಡ್ಮಾಸ್ಟ್ರು ಅದರ ಮೇಲೆ ಎರಡೇ ಎರಡು ಸಾಲು ಬರೀತಿದ್ರು, ಗುಂಡು ಗುಂಡಗೆ. "ಗುರುವಾರ ಚುಚ್ಚುಮದ್ದಿನವರು ಬರುತ್ತಾರೆ. ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಿ ಕಳಿಸಿ." ಇಷ್ಟೇ. ಅದನ್ನೇ ಒಂದು ಚೀಟೀಲಿ ಬರೆದು ಹಿಟ್ಟಿನ ಮಿಲ್ಲಿಗೆ ಕಳಿಸ್ತಿದ್ರು, ತಗೊಂಡು ಹೋಗ್ತಿದ್ದೋನು ಬಹಳ ಸಲ ನಾನೇ. ಮಿಲ್ಲಿನೋರು ಮಷೀನಿನ ಸದ್ದಿನ ಮೇಲೆ ಕೂಗಿ ಹೇಳೋರು, ರಾಗಿ ಬೀಸಿಸೋಕೆ ಬಂದ ಹೆಂಗಸರು ಅಷ್ಟೂ ಜನ ಕೇಳಿಸ್ಕೊಂಡು ಹೋಗಿ ಅವರವರ ಬೀದೀಲಿ ಹೇಳೋರು. ನಮ್ಮಮ್ಮಂಗೆ ಓದು ಬರ್ತಿರಲಿಲ್ಲ. ಆದ್ರೂ ಶಾಲೇಲಿ ಏನು ನಡೀತಿದೆ ಅಂತ ನನಗಿಂತ ಮುಂಚೆ ಅವಳಿಗೆ ಗೊತ್ತಿರ್ತಿತ್ತು. ಹೊಟ್ಟೆ ತುಂಬ ಉಣಿಸಿ ಅನ್ನೋ ಎರಡು ಮಾತಿದೆಯಲ್ಲ, ಯಾವ ಸುತ್ತೋಲೇಲೂ ನಂಗೆ ಅದು ಸಿಕ್ಕಿಲ್ಲ. ಬರೆಯೋನು ಓದೋರ ಮುಖ ನೆನೆಸ್ಕೊಂಡು ಬರೆದ್ರೆ ಮಾತ್ರ ಅಂಥ ಮಾತು ಬರುತ್ತೆ.

ಈಗ ನೀವು ಕಳಿಸಿರೋ ಮೂರು ಪುಟಕ್ಕೆ ಬರ್ತೀನಿ. ನಾನು ನಲವತ್ತು ವರ್ಷದಿಂದ ಕನ್ನಡ ತಿದ್ದಿ ಅನ್ನ ತಿಂದೋನು, ನಂಗೂ ಎರಡು ಸಲ ಓದ್ಬೇಕಾಯ್ತು. ಮೊದಲು ವಿಷಯ, ಆಮೇಲೆ ಉಲ್ಲೇಖ ಒಂದು ಎರಡು ಮೂರು, ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ", "ಉಲ್ಲೇಖಿತ ಪತ್ರದನ್ವಯ", "ಸದರಿ ಪರೀಕ್ಷೆಗೆ ಅರ್ಹ ವಿದ್ಯಾರ್ಥಿಗಳನ್ನು", ಕೊನೆಗೆ "ಅಗತ್ಯ ಕ್ರಮವಹಿಸಲು ಸೂಚಿಸಿದೆ". ಕೊನೇ ತಾರೀಖು ಎಲ್ಲಿದೆ ಅಂದ್ರೆ ಎರಡನೇ ಪುಟದ ಕೆಳಗಡೆ, ಒಂದು ಕೋಷ್ಟಕದಲ್ಲಿ. ಇದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಹೆಡ್ಮಾಸ್ಟ್ರಿಗೆ ಬರೆದ ಪತ್ರ ಅಮ್ಮಾ, ನಿಮಗೆ ಬರೆದಿದ್ದೇ ಅಲ್ಲ. ಬೇರೆಯೋರ ಕಾಗದಾನ ನಿಮ್ಮ ಗ್ರೂಪಿಗೆ ಹಾಕಿ ನಿಮಗೆ ತಿಳಿಸಿದೀವಿ ಅಂದಿದಾರೆ. ಅದರ ಬದಲು ಯಾರಾದ್ರೂ ಮೇಷ್ಟ್ರು ಹತ್ತು ನಿಮಿಷ ಕೂತು "ಎಂಟನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರೇ, ಆದಾಯ ಪ್ರಮಾಣ ಪತ್ರ ಮತ್ತೆ ಮಗುವಿನ ಆಧಾರ್ ಜೆರಾಕ್ಸ್ ಶನಿವಾರದೊಳಗೆ ಶಾಲೆಗೆ ತಂದುಕೊಡಿ, ಪರೀಕ್ಷೆಗೆ ನಾವೇ ಅರ್ಜಿ ಹಾಕ್ತೀವಿ, ಆಯ್ಕೆ ಆದ್ರೆ ವರ್ಷಕ್ಕೆ ಹನ್ನೆರಡು ಸಾವಿರ ಬರುತ್ತೆ" ಅಂತ ಬರೆದು ಗೇಟಿಗೆ ಅಂಟಿಸಿದ್ರೆ ಡೈರಿಗೆ ಹೋಗ್ತಾ ನೀವು ಓದಿರ್ತಿದ್ರಿ.

ಮೇಷ್ಟ್ರುಗಳ ಮೇಲೆ ಗೂಬೆ ಕೂರಿಸೋಕೆ ನಾನು ಇದನ್ನ ಬರೀತಿಲ್ಲ. ಅವರ ದಿನ ಹೆಂಗಿದೆ ಅಂತ ನೋಡಿದೀನಿ. ಹಾಲು ಕಾಯಿಸಿದ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅನ್ನೋ ಲೆಕ್ಕ, ಮಕ್ಕಳ ವಿವರ, ಶಾಲೆ ವಿವರ ಕಂಪ್ಯೂಟರಿಗೆ ತುಂಬೋ ಎಸ್‌ಎಟಿಎಸ್ ಎಂಟ್ರಿ, ಯುಡೈಸ್ ಎಂಟ್ರಿ, ಚುನಾವಣೆ ಕೆಲಸ, ಸಮೀಕ್ಷೆ ಕೆಲಸ. ಸಂಜೆ ಹೊತ್ತಿಗೆ ಹತ್ತು ಪಿಡಿಎಫ್ ಬಂದು ಬಿದ್ದಿರುತ್ತೆ, ಒಂದೊಂದನ್ನೂ ಬಿಡಿಸಿ ಬರೆಯೋಕೆ ಅವರಿಗೆ ಪುರುಸೊತ್ತೆಲ್ಲಿ. ಅದಕ್ಕೇ ನಾನು ಹೇಳೋದು, ಈ ಕೆಲಸ ಮೇಲಿಂದಾನೇ ಆಗಬೇಕು, ಪ್ರತಿ ಶೈಕ್ಷಣಿಕ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರ) ಕಚೇರೀಲಿ, ಅದು ಮಧುಗಿರಿ ಆಗ್ಲಿ ಶಿರಸಿ ಆಗ್ಲಿ ಚಿಕ್ಕೋಡಿ ಆಗ್ಲಿ, ಸುತ್ತೋಲೆ ಜೊತೆಗೇ ಪೋಷಕರಿಗೆ ಅಂತ ನಾಲ್ಕು ಸಾಲು ಬೇರೆ ಬರೆದು ಕಳಿಸೋರು ಒಬ್ಬರಿರಬೇಕು.

ಇದು ಆಗೋ ಮಾತಲ್ಲ ಅನ್ನೋರಿಗೆ 2025ರ ದಸರಾ ರಜೆ ನೆನಪು ಮಾಡ್ತೀನಿ. ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಬೇಕು ಅಂತ ರಜೇನ ಅಕ್ಟೋಬರ್ 18ರವರೆಗೂ ಮುಂದಕ್ಕೆ ಹಾಕಿದ್ರಲ್ಲ, ಆ ಸುದ್ದಿ ಗೊತ್ತಾಗದೇ ಇದ್ದ ಮನೆ ಇತ್ತಾ? ಮುಖ್ಯಮಂತ್ರಿಗಳು ಆಡೋ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದ್ರು, ಸಂಜೆ ಒಳಗೆ ಊರಿಗೆಲ್ಲ ಗೊತ್ತಾಯ್ತು. ಅದೇ ಒಂದನೇ ಕ್ಲಾಸಿನ ವಯಸ್ಸಿನ ವಿಚಾರ ತಗೊಳ್ಳಿ, 2022ರ ಜುಲೈನಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ಆದೇಶ ಬಂತು, ಅದೇ ವರ್ಷ ನವೆಂಬರಲ್ಲಿ ಅದು 2025-26ರಿಂದ ಅಂತ ಮುಂದಕ್ಕೆ ಹೋಯ್ತು, 2025ರ ಏಪ್ರಿಲಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಾಗಿದ್ರೂ ಸೇರಿಸ್ಬಹುದು ಅಂತ ಸಡಿಲ ಮಾಡಿದ್ರು. ಈ ಮೂರರಲ್ಲಿ ಯಾವುದು ಜಾರೀಲಿದೆ ಅಂತ ಕೇಳ್ಕೊಂಡು ಎಷ್ಟು ಜನ ಅಜ್ಜಂದಿರು ಮೊಮ್ಮಕ್ಕಳ ಜನನ ಪ್ರಮಾಣ ಪತ್ರ ಹಿಡ್ಕೊಂಡು ಅಲೆದ್ರು, ನನ್ನ ಕಣ್ಣಾರೆ ಕಂಡಿದೀನಿ. ಪ್ರತಿ ಅಂಗನವಾಡಿ ಗೋಡೆ ಮೇಲೆ ಒಂದು ಸಾಲು ಬರೆಸಿದ್ರೆ ಸಾಕಿತ್ತು.

ಕಾನೂನೂ ನಿಮ್ಮ ಕಡೇನೇ ಇದೆ ಅಮ್ಮಾ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದ್ರೆ ಅರ್ಜಿ ಹಾಕಿ ಕೇಳೋದು ಅಂತಷ್ಟೇ ಎಲ್ಲರೂ ತಿಳ್ಕೊಂಡಿದಾರೆ. ಅದರ ನಾಲ್ಕನೇ ಸೆಕ್ಷನ್ನು ಯಾರೂ ಕೇಳದೇ ಇದ್ರೂ ಸರ್ಕಾರ ತಾನಾಗೇ ತಿಳಿಸ್ಬೇಕು ಅನ್ನುತ್ತೆ, ಅದೂ ಸ್ಥಳೀಯ ಭಾಷೇಲಿ, ಆ ಊರಲ್ಲಿ ಯಾವ ರೀತಿ ಹೇಳಿದ್ರೆ ಚೆನ್ನಾಗಿ ಮುಟ್ಟುತ್ತೋ ಆ ರೀತೀಲಿ. ತಿಳಿಸೋದು ಅಂದ್ರೆ ಹೆಂಗೆ ಅಂತ ವಿವರಣೇಲಿ ಪಟ್ಟಿ ಕೊಟ್ಟಿದಾರೆ, ಅದರಲ್ಲಿ ಮೊದಲನೇದೇ ನೋಟಿಸ್ ಬೋರ್ಡು, ಆಮೇಲೆ ಪತ್ರಿಕೆ, ಸಾರ್ವಜನಿಕವಾಗಿ ಕೂಗಿ ಹೇಳೋದು, ಇಂಟರ್ನೆಟ್ಟು ಬರೋದು ಕೊನೆಗೆ. ಕಾಯ್ದೆ ಬರೆದೋರಿಗೆ ಹಳ್ಳಿ ಗೊತ್ತಿತ್ತು.

ಆ ನೋಟಿಸ್ ಬೋರ್ಡುಗಳ ಸ್ಥಿತಿ ಹೇಳ್ಬೇಕು. ಎರಡು ವರ್ಷದ ಹಿಂದೆ ಒಂದು ಶಾಲೆಗೆ ವಾರ್ಷಿಕೋತ್ಸವಕ್ಕೆ ಕರೆದಿದ್ರು, ಯಾವ ಶಾಲೆ ಅಂತ ಹೇಳಲ್ಲ. ಆಫೀಸ್ ರೂಮಿನ ಒಳಗೆ ಗಾಜಿನ ಬಾಗಿಲಿರೋ ಚೆಂದದ ಬೋರ್ಡು, ಬೀಗ ಹಾಕಿತ್ತು, ಬೀಗದ ಕೈ ಕಳೆದುಹೋಗಿತ್ತು. ಒಳಗೆ ಕೋವಿಡ್ ಕಾಲದ ಮಾಸ್ಕ್ ಸೂಚನೆ ಹಳದಿ ಆಗಿ ಕೂತಿತ್ತು. ವಾಪಸ್ ಬರೋವರೆಗೂ ನಂಗೆ ಅದೇ ತಲೇಲಿ ಕೊರೀತಿತ್ತು.

ಒಂದು ಕಾಲಕ್ಕೆ ಈ ನಾಡಲ್ಲಿ ಶಾಲೆ ಸುದ್ದಿಗೆ ಎಂಥಾ ಮರ್ಯಾದೆ ಇತ್ತು ಅಂದ್ರೆ, 1860ರ ದಶಕದಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿ ತುಂಬ್ಕೊಂಡಿದ್ದಾಗ ಡೆಪ್ಯುಟಿ ಚನ್ನಬಸಪ್ಪನೋರು ಕನ್ನಡ ಶಾಲೆಗಳನ್ನ ಕಟ್ಟಿದ್ರು. ಅವರೂ ಇಲಾಖೆಯ ಅಧಿಕಾರೀನೇ, ಇವತ್ತಿನ ಬಿಇಓ ಡಿಡಿಪಿಐಗಳ ಹಿರೀಕರು ಅಂತಾನೇ ಅನ್ನಿ. ಅದೇ ಹೊತ್ತಲ್ಲಿ ಶಾಲೆಗಳಿಗಾಗೇ ಮಠಪತ್ರಿಕೆ ಅಂತ ಒಂದು ಮಾಸಪತ್ರಿಕೆ ಹೊರಟಿತು, ಮುಂದೆ ಅದೇ ಶಾಲಾಪತ್ರಕ ಆಯ್ತು, ಸಾಹಿತಿ ವೆಂಕಟ ರಂಗೋ ಕಟ್ಟಿಯಂಥೋರು ಅದರ ಸಂಪಾದಕರಾಗಿದ್ರು. ಶಾಲೆ ಸಂಗತೀನ ಜನಕ್ಕೆ ಅರ್ಥ ಆಗೋ ಕನ್ನಡದಲ್ಲಿ ಹೇಳೋದು ಸಾಹಿತಿಗಳ ಕೆಲಸ ಅಂತ ಆಗಿನೋರು ತಿಳಿದಿದ್ರು. ಈಗ 1963ರ ರಾಜಭಾಷಾ ಕಾಯ್ದೆ ಬಂದು ಅರವತ್ತು ವರ್ಷ ದಾಟಿದೆ, ಕಚೇರಿಗೆ ಕನ್ನಡ ಬಂದಿದೆ, ಆದ್ರೆ ಆ ಕನ್ನಡ ಕನ್ನಡದೋರಿಗೇ ಓದೋಕಾಗಲ್ಲ. ನನ್ನ ದೊಡ್ಡ ಸಂಕಟ ಇದೇ. ಬ್ಯಾಂಕು, ಕೋರ್ಟು, ವಿದ್ಯುತ್ ಬಿಲ್ಲು, ಪಹಣಿ, ಎಲ್ಲದರಲ್ಲೂ ಅಕ್ಷರ ನಮ್ಮದು, ಮಾತು ನಮ್ಮದಲ್ಲ. ಇಂಗ್ಲಿಷ್ ವಿರುದ್ಧ ಬೀದಿಗಿಳಿಯೋ ನಮ್ಮ ಜನ "ಸದರಿ" ಅನ್ನೋ ಪದದ ವಿರುದ್ಧ ಒಂದು ದಿನಾನೂ ಮಾತಾಡಲಿಲ್ಲ.

ಹಾಗಂತ ಹಳೇದೆಲ್ಲ ವಾಪಸ್ ಬರ್ಲಿ ಅಂತಲ್ಲ. ತಮಟೆ ಹೊಡೆದು ಸಾರೋ ಕೆಲಸಾನ ಒಂದು ಜಾತಿ ತಲೆಗೆ ಕಟ್ಟಿ ಬಿಟ್ಟಿ ದುಡಿಸ್ಕೊಂಡ್ವಲ್ಲ, ಅದು ನಿಂತಿದ್ದೇ ಒಳ್ಳೇದಾಯ್ತು. ಈಗ ಎಷ್ಟೋ ಪಂಚಾಯ್ತೀಲಿ ಕಸ ತಗೊಳ್ಳೋ ಸ್ವಚ್ಛ ವಾಹಿನಿ ಗಾಡಿ ಬರುತ್ತೆ, ಹೆಣ್ಣುಮಕ್ಕಳೇ ಓಡಿಸ್ತಾರೆ, ಮೈಕಲ್ಲಿ ಹಾಡು ಹಾಕ್ಕೊಂಡು ಬೀದಿ ಬೀದಿ ಸುತ್ತುತ್ತೆ. ಎರಡು ಹಾಡಿನ ಮಧ್ಯೆ ಶಾಲೆ ಸುದ್ದಿ ಒಂದು ನಿಮಿಷ ಹೇಳಿದ್ರೆ ಏನು ಖರ್ಚು? ಡೈರಿ ಗೋಡೆ ಇದೆ, ನ್ಯಾಯಬೆಲೆ ಅಂಗಡಿ ಕಟ್ಟೆ ಇದೆ. ದಿನಾ ಎರಡು ಹೊತ್ತು ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಲ್ಲೋ ಜಾಗಕ್ಕಿಂತ ಒಳ್ಳೇ ನೋಟಿಸ್ ಬೋರ್ಡು ಯಾವ ಊರಲ್ಲಿದೆ?

ಈಗ ನಿಮಗೆ ಸ್ವಲ್ಪ ಗದರ್ತೀನಿ, ಬೇಜಾರು ಮಾಡ್ಕೋಬೇಡಿ. ಕಾಗದದ ಕೊನೇಲಿ ನೀವು ಬರೆದಿದೀರಿ, ಎಂಟು ವರ್ಷದಲ್ಲಿ ಒಂದೇ ಒಂದು ಪೋಷಕರ ಸಭೆಗೂ ಹೋಗಿಲ್ಲ, ಅಲ್ಲಿ ಗಂಡಸರೇ ಮಾತಾಡ್ತಾರೆ ಅಂತ. ಹೋಗ್ಬೇಕು ಅಮ್ಮಾ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದಿದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬರೋಕೆ ಎಷ್ಟೋ ಮುಂಚೆ. ಆ ಕಾಯ್ದೆ ಪ್ರಕಾರ ಶಾಲಾ ಸಮಿತೀಲಿ ಮುಕ್ಕಾಲು ಪಾಲು ಜನ ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಆ ಕುರ್ಚೀಲಿ ನೀವು ಕೂತಿದ್ರೆ ಗೇಟಿಗೆ ಹಲಗೆ ಹಾಕ್ಸಿ ಅನ್ನೋ ಮಾತು ನನಗೆ ಬರೆಯೋ ಬದಲು ಸಭೆಯ ನಡಾವಳಿ ಪುಸ್ತಕದಲ್ಲೇ ಬರೆಸ್ಬಹುದಿತ್ತು. ನೀವು ಎರಡು ಪುಟದ ಕಾಗದದಲ್ಲಿ ಒಂದು ಅಡ್ಡ ಮಾತಿಲ್ಲದೆ ವಿಷಯ ಹೇಳಿದೀರಿ, ಆ ಮೂರು ಪುಟದ ಪಿಡಿಎಫ್ ಬರೆದೋರಿಗಿಂತ ಚೆನ್ನಾಗಿ ಬರೀತೀರಿ. ಹಲಗೆ ಮೇಲೆ ಬರೆಯೋ ಕೆಲಸ ನೀವೇ ಕೇಳಿ ತಗೊಳ್ಳಿ.

ಮಗಳ ವಿಚಾರಕ್ಕೆ ಎರಡು ಮಾತು. ಯಜಮಾನ್ರು ಗಾರೆ ಕೆಲಸ ಅಂದ್ರಿ, ಕಟ್ಟಡ ಕಾರ್ಮಿಕರ ಮಂಡಳೀಲಿ ಅವರ ನೋಂದಣಿ ಆಗಿದ್ಯಾ ಕೇಳಿ, ಕಾರ್ಡಿದ್ರೆ ಮಕ್ಕಳ ಓದಿಗೆ ಅಲ್ಲಿ ಸಹಾಯಧನ ಇದೆ. ಎಸ್‌ಎಸ್‌ಪಿ ಪೋರ್ಟಲ್ ಅಂತ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ವೆಬ್‌ಸೈಟಿದೆ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದ ಅರ್ಜಿ ಅಲ್ಲಿ ಹಾಕೋದು, ಮೇಡಂ ಹತ್ರಾನೇ ಕೂತು ಯಾವುದಕ್ಕೆ ಬರ್ತೀರಿ ಅಂತ ನೋಡಿಸಿ, ಕೊನೇ ತಾರೀಖನ್ನ ಮನೆ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ಇನ್ನೊಬ್ಬ ಮಗ ಆರನೇ ಕ್ಲಾಸಲ್ಲಿದಾನೆ ಅಂತ ಬರೆದಿದೀರಿ. ಅವನು ಏಳನೇ ಕ್ಲಾಸಲ್ಲಿ ಚೆನ್ನಾಗಿ ನಂಬರ್ ತಗೀಬೇಕು, ಎಂಟಕ್ಕೆ ಬಂದ ಜೂನಲ್ಲೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣ ಪತ್ರ ನೋಡ್ಕೊಳ್ಳಿ. ಆ ಹೊತ್ತಿಗೆ ಶಾಲೆ ಗೇಟಿನ ಹಲಗೆ ಮೇಲೆ ಈ ಪರೀಕ್ಷೆ ವಿಷಯ ನಿಮ್ಮ ಅಕ್ಷರದಲ್ಲೇ ಇದ್ರೆ ಒಂದು ಫೋಟೋ ತೆಗೆಸಿ ಕಳಿಸಿ, ಇದೇ ಪುಟದಲ್ಲಿ ಹಾಕ್ತೀನಿ.