ಅಂದಾಜಿನ ಗ್ಯಾಸು, ಒಲೆಗೆ ಬರುವ ಗ್ಯಾಸು

ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಕಲ್ಲಿದ್ದಲ ಪದರಗಳಲ್ಲಿ 92 ಟ್ರಿಲಿಯನ್ ಘನ ಅಡಿ ಮೀಥೇನ್ ಗ್ಯಾಸ್ ಇದೆಯಂತೆ. ದೇಶದ ಈಗಿನ ಬಳಕೆಯಿಂದ ಭಾಗಿಸಿದರೆ ಸುಮಾರು 40 ವರ್ಷಕ್ಕೆ ಸಾಕು. ಹಾಗಿದ್ದೂ ಅರ್ಧದಷ್ಟು ಗ್ಯಾಸನ್ನು ಹೊರಗಿನಿಂದ ತರುವುದೇಕೆ? ನಮ್ಮ ಮಹಾರಾಷ್ಟ್ರದಲ್ಲಿ ಸಿಗುವುದಿಲ್ಲವೇ?"

ನಿಮ್ಮ ಭಾಗಾಕಾರ ಸರಿ. ತೊಡಕಿರುವುದು ಆ 92ರಲ್ಲಿ. ಅದು ನೆಲದಡಿ ಇರಬಹುದಾದ ಒಟ್ಟು ಗ್ಯಾಸಿನ ಅಂದಾಜು. ಬಾವಿ ಕೊರೆದು, ಪರೀಕ್ಷಿಸಿ, ಇದೆ ಎಂದು ಗಟ್ಟಿ ಮಾಡಿಕೊಂಡಿರುವುದು ಸುಮಾರು 10 ಟ್ರಿಲಿಯನ್ ಮಾತ್ರ. ಅದೂ ಪೂರ್ತಿ ಮೇಲೆ ಬರುವುದಿಲ್ಲ.

ಪದರದ ವಿಸ್ತಾರ, ದಪ್ಪ, ಕಲ್ಲಿದ್ದಲ ಸಾಂದ್ರತೆ, ಒಂದು ಟನ್ನಿನಲ್ಲಿರುವ ಗ್ಯಾಸ್, ಈ ನಾಲ್ಕನ್ನು ಗುಣಿಸಿದರೆ ಅಂದಾಜು ಸಿಗುತ್ತದೆ. ಕಷ್ಟವಿರುವುದು ನಾಲ್ಕನೆಯದರಲ್ಲಿ. ಆಳದಿಂದ ಕಲ್ಲಿದ್ದಲ ತುಂಡು ಮೇಲೆ ಬರುವಾಗಲೇ ಗ್ಯಾಸ್ ಬಿಡತೊಡಗುತ್ತದೆ. ತಕ್ಷಣ ಅದನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ದಿನಗಟ್ಟಲೆ ಅಳೆಯುತ್ತಾರೆ. ದಾರಿಯಲ್ಲಿ ಹೋದದ್ದನ್ನು ಲೆಕ್ಕ ಹಾಕಿ ಸೇರಿಸುತ್ತಾರೆ. ಕೊನೆಗೆ ತುಂಡನ್ನು ಪುಡಿ ಮಾಡಿ, ಒಳಗೆ ಉಳಿದದ್ದನ್ನೂ ಹಿಡಿಯುತ್ತಾರೆ.

ಇಷ್ಟಾದರೂ ಗ್ಯಾಸ್ 'ಇದೆ' ಅಂತ ಗೊತ್ತಾಯಿತು, ಅಷ್ಟೇ. ಬರುತ್ತದೆಯೇ ಅನ್ನುವುದು ಬೇರೆ ಮಾತು. ಮೀಥೇನ್ ಕಲ್ಲಿದ್ದಲಿಗೆ ಅಂಟಿಕೊಂಡಿರುತ್ತದೆ, ಬಿರುಕುಗಳಲ್ಲಿರುವ ನೀರಿನ ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದರೆ ಗುಳ್ಳೆ ಏಳುತ್ತದಲ್ಲ, ಹಾಗೆ ಇಲ್ಲೂ ಒತ್ತಡ ಇಳಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ನೀರೆತ್ತಬೇಕು. ಮೊದಲು ನೀರೇ ಜಾಸ್ತಿ, ಗ್ಯಾಸ್ ಆಮೇಲೆ. ಬಿರುಕುಗಳು ಬಿಗಿಯಾಗಿದ್ದರೆ ಎಷ್ಟು ಗ್ಯಾಸಿದ್ದರೂ ಬಾವಿಯ ತನಕ ಬರುವುದಿಲ್ಲ. ಆಳ ಹೆಚ್ಚಿದಷ್ಟೂ ಮೇಲಿನ ಭಾರಕ್ಕೆ ಅವು ಇನ್ನಷ್ಟು ಮುಚ್ಚಿಕೊಳ್ಳುತ್ತವೆ. 1997ರಲ್ಲಿ ಸರ್ಕಾರ ನೀತಿ ರೂಪಿಸಿದರೂ ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ವ್ಯಾಪಾರಿ ಉತ್ಪಾದನೆ ಶುರುವಾದದ್ದು 2007ರಲ್ಲಿ, ಮಧ್ಯಪ್ರದೇಶದ ಸೋಹಾಗ್‌ಪುರದಲ್ಲಿ 2017ರಲ್ಲಿ. ಇವತ್ತಿಗೂ ದೇಶ ಬಳಸುವ ಗ್ಯಾಸಿನಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು.

ನನಗೆ ಹೆಚ್ಚು ಚಿಂತೆ ಆ ನೀರಿನದು. ಅದು ಎಷ್ಟೋ ಕಡೆ ಉಪ್ಪುಪ್ಪಾಗಿರುತ್ತದೆ. ಶುದ್ಧ ಮಾಡದೆ ಹೊಲಕ್ಕೋ ಹಳ್ಳಕ್ಕೋ ಬಿಡುವಂತಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮಗೆ ಆ ಊರುಗಳ ಭಯ ಅರ್ಥವಾಗಬೇಕು, ಅಲ್ವಾ? ಆದ್ದರಿಂದ ಗ್ಯಾಸಿನ ಬೆಲೆ ಕಟ್ಟುವಾಗ ನೀರು ಶುದ್ಧ ಮಾಡುವ ಖರ್ಚನ್ನೂ ಸೇರಿಸಲೇಬೇಕು.

ಹಾಗಂತ ಇದನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. 1965ರಲ್ಲಿ ಈಗಿನ ಜಾರ್ಖಂಡ್‌ನ ಧೋರಿ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ 200ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಗಣಿಯಲ್ಲಿ ತುಂಬಿಕೊಳ್ಳುವ ಮೀಥೇನ್ ಎಷ್ಟು ಅಪಾಯವೆಂದು ಕಲ್ಲಿದ್ದಲ ನಾಡಿನವರಿಗೆ ಗೊತ್ತು. ಅಗೆಯುವ ಮೊದಲೇ ಅದನ್ನು ಹೊರತೆಗೆದರೆ ಒಳಗಿಳಿಯುವವರ ಜೀವಕ್ಕೆ ಕಾವಲು. ಸುಮ್ನೆ ಗಾಳಿಗೆ ಬಿಟ್ಟರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಲಾಭ ಕಡಿಮೆಯಾದರೂ ಗಣಿಗಳಿರುವಲ್ಲಿ ಈ ಕೆಲಸ ಮೊದಲು ಆಗಲಿ.

ಇನ್ನು ಮಹಾರಾಷ್ಟ್ರದ ಮಾತು. ಮುಂಬಯಿ, ಪುಣೆಯ ಕೆಳಗಿರುವುದು ಹಳೆಯ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್ ಬಂಡೆ. ಕಲ್ಲಿದ್ದಲು ಇರುವುದು ವಿದರ್ಭದಲ್ಲಿ, ಚಂದ್ರಾಪುರ, ನಾಗಪುರದ ಕಡೆ. ನಿಮ್ಮ ಡೊಂಬಿವಲಿಯಲ್ಲಿ ಎಷ್ಟು ಕೊರೆದರೂ ಸಿಗುವುದು ಕಪ್ಪು ಕಲ್ಲೇ.