ಪ್ರ: ಸೋಲಾರ್2ಡಿ ಆಟದಲ್ಲಿ ಚೆಂಡು ಮೊಟ್ಟೆಯಾಗುವುದು

ಸೋಲಾರ್2ಡಿ ಅನ್ನುವ ಆಟ ತಯಾರಿಸುವ ತಂತ್ರಾಂಶದಲ್ಲಿ ಒಂದೇ ಕೋಡ್ ಇದ್ದರೂ ಒಂದು ಫೋನಿನಲ್ಲಿ ಚೆಂಡು ದುಂಡಗೆ, ಇನ್ನೊಂದರಲ್ಲಿ ಮೊಟ್ಟೆಯಂತೆ ಯಾಕೆ ಕಾಣುತ್ತದೆ ಅಂತ ಕೇಳಿದ್ದೀರಿ. ತಪ್ಪು ನಿಮ್ಮ ಚಿತ್ರದ್ದಲ್ಲ ಅನಿಸುತ್ತೆ. ಆಟದ ಸೆಟ್ಟಿಂಗ್ ಇರುವ ಕಾನ್ಫಿಗ್.ಲುವಾ ಫೈಲಿನಲ್ಲಿ ಸ್ಕೇಲ್ ಅನ್ನುವ ಸಾಲು ನೋಡಿ, ಬಹುಶಃ ಜೂಮ್‌ಸ್ಟ್ರೆಚ್ ಅಂತ ಇರುತ್ತೆ. ಅದು ಪರದೆ ತುಂಬಿಸುವ ಭರದಲ್ಲಿ ಅಗಲವನ್ನೂ ಎತ್ತರವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಎಳೆದುಬಿಡುತ್ತದೆ.

ಅದನ್ನು ಲೆಟರ್‌ಬಾಕ್ಸ್ ಮಾಡಿ. ಆಕಾರ ಕೆಡುವುದಿಲ್ಲ, ಆದರೆ ಉದ್ದದ ಫೋನುಗಳಲ್ಲಿ ಅಂಚಿಗೆ ಖಾಲಿ ಪಟ್ಟಿ ಉಳಿಯುತ್ತದೆ. ಹಿನ್ನೆಲೆ ಚಿತ್ರವನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದು ನಡುವೆ ಇಟ್ಟರೆ ಆ ಪಟ್ಟಿ ಮುಚ್ಚಿಹೋಗುತ್ತದೆ. ಸ್ಕೇಲ್‌ಗೆ ಇರುವ ಇನ್ನೊಂದು ಆಯ್ಕೆ ಜೂಮ್‌ಈವನ್ ಕೂಡ ಆಕಾರ ಕಾಪಾಡುತ್ತದೆ ನಿಜ, ಆದರೆ ಅಂಚಿನಲ್ಲಿರುವ ಸ್ಕೋರು, ಬಟನ್ನು ಪರದೆಯಾಚೆ ಹೋಗಬಹುದು; ನನಗಂತೂ ಅದು ಹಿಡಿಸಲ್ಲ.

ಮೂಲೆಯ ಬಟನ್ನುಗಳಿಗೆ ಸೊನ್ನೆಯಿಂದ ಲೆಕ್ಕ ಹಾಕಬೇಡಿ. ಪರದೆಯ ನಿಜವಾದ ಎಡ ಅಂಚು ಎಲ್ಲಿದೆ ಅಂತ ಹೇಳುವ ಡಿಸ್‌ಪ್ಲೇ.ಸ್ಕ್ರೀನ್‌ಒರಿಜಿನ್‌ಎಕ್ಸ್ ಬಳಸಿ, ಪಕ್ಕದಲ್ಲಿ ಪಟ್ಟಿ ಬಂದಾಗ ಅದರ ಬೆಲೆ ಋಣಾತ್ಮಕವಾಗಿರುತ್ತದೆ, ಗಾಬರಿ ಬೇಡ.

ಸೋಲಾರ್2ಡಿಯ ಹಳೆಯ ಹೆಸರು ಕೊರೋನಾ ಎಸ್‌ಡಿಕೆ; ಅದರ ಪಾಠಗಳೂ ಇದಕ್ಕೆ ಬಹುಮಟ್ಟಿಗೆ ಹೊಂದುತ್ತವೆ, 2020ರಲ್ಲಿ ಹೆಸರು ಬದಲಾಯಿತು ಅಷ್ಟೇ. ಐಫೋನ್ ಬಿಲ್ಡ್‌ಗೆ ಮಾತ್ರ ಮ್ಯಾಕ್ ಬೇಕೇ ಬೇಕು. ಬದಲಿಸಿದ ಮೇಲೆ ಸಿಮ್ಯುಲೇಟರಿನಲ್ಲಿ ನಾಲ್ಕೈದು ಫೋನ್ ಮಾದರಿ ಆರಿಸಿ ನೋಡಿ. ಆಮೇಲೂ ಚೆಂಡು ಚಪ್ಪಟೆಯಾದರೆ ಕಾನ್ಫಿಗ್ ಫೈಲನ್ನೇ ಇಲ್ಲಿ ಹಾಕಿ.