ಅಟ್ಟದಿಂದ ಇಳಿದ ಕಾಂಗೋ

ಹಳೇ ಹಾರ್ಮೋನಿಯಂ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಕಾಂಗೋದ್ದೇ (ಅಂಗೈಯಿಂದ ಬಾರಿಸುವ, ಕ್ಯೂಬಾದಿಂದ ಬಂದ ಉದ್ದನೆಯ ಡ್ರಮ್) ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಕಾಂಗೋ ಅಟ್ಟ ಹತ್ತಿ ಕೂತಿವೆ ಅಂತ ನನಗೇ ಗೊತ್ತಿರಲಿಲ್ಲ. ಯಾವುದೋ ಗೋವಾದ ಬ್ಯಾಂಡಿನದು, ಯಾವುದೋ ಆರ್ಕೆಸ್ಟ್ರಾದ್ದು, ಯಾವುದೋ ಹಡಗಿನಲ್ಲಿ ಕೆಲಸಕ್ಕಿದ್ದವರು ತಂದದ್ದು. ಎಲ್ಲವನ್ನೂ ಕುಮಟಾದ ನನ್ನ ಅಂಗಡಿಗೆ ಹೊತ್ತು ತರಬೇಡಿ, ಇಡಲು ಜಾಗ ಇಲ್ಲ. ಮನೆಯಲ್ಲೇ ಆಗುವ ಕೆಲಸ ಬಹಳ ಇದೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಗೋವಾದಲ್ಲಿ ಬಾರಿಸುತ್ತಿದ್ದ ಎರಡು ಕಾಂಗೋ ಹಂಚಿನ ಮನೆಯ ಅಟ್ಟದಲ್ಲಿ ಸಿಕ್ಕವು. ಒಂದರ ಚರ್ಮ ಹರಿದಿದೆ. ಇನ್ನೊಂದರ ಮರದ ಪಟ್ಟಿಗಳ ನಡುವೆ ಬೆಳಕು ಕಾಣುತ್ತದೆ. ನಟ್ಟುಗಳು ಅಲ್ಲಾಡುವುದೇ ಇಲ್ಲ. ನಾನೇ ಸರಿ ಮಾಡಬಹುದೇ ಅಣ್ಣ?
(ಕೋಡಿಬಾಗ, ಕಾರವಾರ)

ಉತ್ತರ: ಮಾಡಬಹುದು ತಂಗಿ. ಆದರೆ ಹೊಸದರ ಹಾಗೆ ಕಾಣಿಸಲು ಹೋಗಬೇಡ, ಬಾರಿಸಲು ಬರುವ ಹಾಗೆ ಮಾಡು. ಇವೆರಡೂ ಬೇರೆ ಬೇರೆ ಕೆಲಸ.

ಮೊದಲು ನಟ್ಟು. ಕಾರವಾರದ ಉಪ್ಪು ಗಾಳಿಗೆ ಅವು ಕಚ್ಚಿ ಹಿಡಿದಿರುತ್ತವೆ. ಡಬ್ಲ್ಯುಡಿ-40 ಹೊಡೆದು ಒಂದು ರಾತ್ರಿ ಬಿಡು. ಮರುದಿನ ನಟ್ಟಿನ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸು. ಒಂದೇ ನಟ್ಟನ್ನು ಪೂರ್ತಿ ಬಿಚ್ಚಬೇಡ. ಇದನ್ನು ಅರ್ಧ ಸುತ್ತು, ಎದುರಿನದನ್ನು ಅರ್ಧ ಸುತ್ತು, ಹೀಗೆ ಬರಬೇಕು. ಇಲ್ಲದಿದ್ದರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ರಿಮ್ (ಚರ್ಮವನ್ನು ಬಿಗಿಯುವ ಲೋಹದ ಬಳೆ) ಸೊಟ್ಟಗಾಗುತ್ತದೆ. ಯಾವುದೋ ಒಂದು ಹಟ ಹಿಡಿದರೆ ನಟ್ಟನ್ನು ಕೊಯ್ಯಿ, ರಿಮ್ಮನ್ನು ಕೆಳಕ್ಕೆ ಎಳೆಯುವ ಕೊಕ್ಕೆ ಬೋಲ್ಟನ್ನು ಮುಟ್ಟಬೇಡ. ನಟ್ಟು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಕೊಕ್ಕೆ ಸಿಗುವುದಿಲ್ಲ. ಅಂಗಡಿಗೆ ಹೋಗುವಾಗ ಹಳೇ ನಟ್ಟು ಕಿಸೆಯಲ್ಲಿರಲಿ. ಹಳೇ ಅಮೆರಿಕದ ಡ್ರಮ್ಮುಗಳದ್ದು ಇಂಚಿನ ಲೆಕ್ಕ. ಮಿಲಿಮೀಟರ್ ನಟ್ಟನ್ನು ಒತ್ತಾಯದಿಂದ ತಿರುಗಿಸಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ.

ರಿಮ್ಮಿನ ತುಕ್ಕಿಗೆ ಪಾಲಿಶ್ ಪೇಪರ್ ಹಾಕಬೇಡ, ಕ್ರೋಮ್ ಗೀರಿ ಹೋಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ತಿಕ್ಕು. ಕಪ್ಪು ನೀರು ಇಳಿದು ಹೊಳಪು ಮೇಲೆ ಬರುತ್ತದೆ. ಒರೆಸಿ ಒಣಗಿಸಿ ಹೊಲಿಗೆ ಮಿಶಿನ್ ಎಣ್ಣೆ ಸವರು. ಕ್ರೋಮ್ ಎದ್ದುಹೋದ ಜಾಗ ಹಾಗೇ ಇರಲಿ.

ಇನ್ನು ಬೆಳಕು ಕಾಣುವ ಸಂದು. ಏಪ್ರಿಲ್-ಮೇ ಬಿಸಿಗೆ ಹಂಚಿನಡಿಯಲ್ಲಿ ಮರ ಒಣಗಿ ಪಟ್ಟಿಗಳು ಅಗಲದಲ್ಲಿ ಕುಗ್ಗಿವೆ. ಹೆಚ್ಚಿನವರು ಸಂದು ಕಂಡ ಕೂಡಲೇ ಪುಟ್ಟಿ ತುಂಬುತ್ತಾರೆ. ಜೂನ್ ಬಂದಾಗ ಮರ ಉಬ್ಬುತ್ತದೆ, ಪುಟ್ಟಿ ಜಗ್ಗುವುದಿಲ್ಲ, ಆಗ ಪಕ್ಕದ ಚೆನ್ನಾಗಿದ್ದ ಜಾಯಿಂಟ್ ಬಿಡುತ್ತದೆ. ಅದಕ್ಕೇ ಮೊದಲು ಡ್ರಮ್ಮನ್ನು ಅಟ್ಟದಿಂದ ಇಳಿಸಿ ನೆರಳಿನ ಕೋಣೆಯಲ್ಲಿ ಕೆಲವು ವಾರ ಸುಮ್ನೆ ಇಡು. ಅರ್ಧ ಸಂದು ತಾನಾಗಿ ಮುಚ್ಚುತ್ತದೆ. ಉಳಿದದ್ದಕ್ಕೆ ಅಂಟು. ಹಳೇ ಅಂಟು ಪೂರ್ತಿ ಹೋಗದೆ ಹೊಸದು ಹಿಡಿಯುವುದಿಲ್ಲ. ಚರ್ಮದಿಂದ ಮಾಡಿದ ಹಳೇ ಸರೇಸಾದರೆ ಬಿಸಿ ನೀರಿನ ಬಟ್ಟೆಗೆ ಕರಗುತ್ತದೆ, ಬೇರೆಯದಾದರೆ ಬ್ಲೇಡಿನಿಂದ ಕೆರೆಯಬೇಕು. ಅಂಟು ಹಾಕುವ ಮೊದಲು ಒಮ್ಮೆ ಒಣ ಕಟ್ಟಿ ನೋಡು, ಸಂದು ಕೂಡುತ್ತದೋ ಇಲ್ಲವೋ ಅಂತ. ಆಮೇಲೆ ಫೆವಿಕಾಲ್ ಮರೀನ್ ಹಾಕಿ, ಲಾರಿಯವರು ಹೊರೆ ಬಿಗಿಯುವ ರಾಚೆಟ್ ಬೆಲ್ಟ್ ಸುತ್ತಿ ಬಿಗಿ. ಬೆಲ್ಟ್ ಇಲ್ಲದಿದ್ದರೆ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ, ಜಗ್ಗಿ ಜಗ್ಗಿ ಸುತ್ತು. ಒಂದು ದಿನ ಮುಟ್ಟಬೇಡ. ಆಗಲೂ ಕೂಡದ ಸಂದಿಗೆ ಅದೇ ಜಾತಿಯ ಮರದ ತೆಳು ಚಕ್ಕೆ ಅಂಟು ಹಚ್ಚಿ ಕೂರಿಸು. ಊರಿನ ಆಚಾರಿ ಹತ್ತಿರ ಕೇಳಿದರೆ ಕೊಡುತ್ತಾರೆ.

ಚರ್ಮ ಹಾಕುವ ಮೊದಲು ಬಾಯಿಯ ಅಂಚು ನೋಡಬೇಕು. ಇದನ್ನು ಎಲ್ಲರೂ ಬಿಡುತ್ತಾರೆ. ಡ್ರಮ್ಮನ್ನು ಬೋರಲು ಮಾಡಿ ಗ್ರಾನೈಟ್ ಕಟ್ಟೆಯ ಮೇಲಿಡು. ಒಳಗೆ ಮೊಬೈಲ್ ಟಾರ್ಚ್ ಇಳಿಬಿಡು, ಕೋಣೆಯ ದೀಪ ಆರಿಸು. ಅಂಚಿನ ಕೆಳಗೆ ಎಲ್ಲೆಲ್ಲಿ ಬೆಳಕಿನ ಗೆರೆ ಬರುತ್ತದೋ ಅಲ್ಲಿ ತಗ್ಗಿದೆ. ಗೆರೆ ಇಲ್ಲದ ಕಡೆ ಉಬ್ಬಿದೆ, ಅಲ್ಲಿ ಉಜ್ಜಬೇಕು. ಪಾಲಿಶ್ ಪೇಪರನ್ನು ಅದೇ ಕಟ್ಟೆಗೆ ಅಂಟಿಸಿ ಡ್ರಮ್ಮನ್ನೇ ತಿರುಗಿಸುತ್ತಾ ಬಾ. ಕೊನೆಗೆ ಅಂಚಿನ ಹೊರಬದಿ ಗುಂಡಗೆ ಇರಲಿ. ಇದು ಅಂಗೈಯಿಂದ ಹೊಡೆಯುವ ವಾದ್ಯ, ಅಂಚು ಚೂಪಾಗಿದ್ದರೆ ಚರ್ಮವೂ ಹರಿಯುತ್ತದೆ, ಕೈಯೂ ನೋಯುತ್ತದೆ. ಮೇಲೆ ಒಂದು ಕೈ ಮೇಣದಬತ್ತಿ ಉಜ್ಜಿಬಿಡು.

ಚರ್ಮ ಎಮ್ಮೆಯದು ಅಥವಾ ಕೋಣನದು, ಹದ ಹಾಕದ್ದು, ಹೆಚ್ಚು ಕಡಿಮೆ 2 ಮಿಲಿಮೀಟರ್ ದಪ್ಪ ಇರಲಿ. ಆಡಿನ ಚರ್ಮ ಇದಕ್ಕೆ ತಡೆಯುವುದಿಲ್ಲ. ತಣ್ಣೀರಲ್ಲಿ ರಾತ್ರಿಯಿಡೀ ನೆನೆಸು, ದಪ್ಪ ಇದ್ದರೆ ಇಡೀ ದಿನ. ಬೇಗ ಆಗಲಿ ಅಂತ ಬಿಸಿ ನೀರು ಹಾಕಿದರೆ ಕೆಟ್ಟಿತು. 60 ಡಿಗ್ರಿ ದಾಟುತ್ತಿದ್ದ ಹಾಗೆ ಹಸಿ ಚರ್ಮ ಸುರುಟಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ನೆನೆದ ಚರ್ಮ ಹಿಂಡಿದ ಪಂಚೆಯ ಹಾಗೆ ಕೈಮೇಲೆ ಬೀಳಬೇಕು. ಕೂದಲಿದ್ದ ಬದಿ ಮೇಲೆ ಬರಲಿ. ಚರ್ಮದ ಅಂಚನ್ನು ಒಳಬಳೆಗೆ (ರಿಮ್ಮಿನೊಳಗೆ ಕೂರುವ ಉಂಗುರ) ಸುತ್ತಿ, ರಿಮ್ ಕೂರಿಸಿ, ಸುತ್ತಲೂ ಕೈಯಲ್ಲಿ ಸಮನಾಗಿ ಜಗ್ಗಿ, ನಟ್ಟುಗಳನ್ನು ಹಿಡಿತ ಸಿಗುವಷ್ಟು ಮಾತ್ರ ತಿರುಗಿಸು. ನೆರಳಲ್ಲಿ ನಾಲ್ಕೈದು ದಿನ ಒಣಗಲಿ. ಒಣಗುವ ಮೊದಲೇ ಶ್ರುತಿ ಏರಿಸಿದರೆ ಚರ್ಮ ಬಳೆಯಿಂದ ಜಾರುತ್ತದೆ. ಈ ಕೆಲಸಕ್ಕೆ ನಮ್ಮ ಕಡೆ ಡಿಸೆಂಬರ್-ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಹಾಕಿದರೆ ಒಣಗುವುದಕ್ಕಿಂತ ಮೊದಲು ಬೂಸು ಬರುತ್ತದೆ.

ಪ್ರಶ್ನೆ: ನಮ್ಮ ಭಜನಾ ತಂಡದ ಕಾಂಗೋ ಜೂನ್ ಬಂತೆಂದರೆ ಢಬಢಬ ಅನ್ನುತ್ತದೆ. ಗುಮಟೆ ಕಾಯಿಸಿದ ಹಾಗೆ ಬೆಂಕಿಗೆ ಹಿಡಿಯಬಹುದಾ?
(ಅಂಕೋಲಾ)

ಉತ್ತರ: ಕ್ಯೂಬಾದವರೂ ಮೊದಲು ಅದನ್ನೇ ಮಾಡುತ್ತಿದ್ದರು. ಆಗ ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು, ಶ್ರುತಿ ಏರಿಸಲು ದೀಪದ ಉರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1950ರ ದಶಕದ ಹೊತ್ತಿಗೆ ಬೋಲ್ಟು ಹರಡಿತು, ಬೆಂಕಿ ಬಿಟ್ಟಿತು. ಗುಮಟೆ ಮಣ್ಣಿನ ಗಡಿಗೆ, ಅದು ಒಲೆಯ ಬಿಸಿ ತಡೆಯುತ್ತದೆ. ನಿಮ್ಮದು ಅಂಟು ಹಾಕಿದ ಮರ, ಬಿಸಿಗೆ ಜಾಯಿಂಟ್ ಬಿಡುತ್ತದೆ. ಸ್ಪ್ಯಾನರ್ ಹಿಡಿಯಿರಿ.

ಆದರೆ ಒಂದು ವಿಷಯ ಗಮನದಲ್ಲಿರಲಿ. ಮಳೆಯ ಸಂಜೆ ಬಿಗಿ ಮಾಡಿ ಭಜನೆ ಮುಗಿಸಿ ಹಾಗೇ ಬಿಟ್ಟು ಹೋಗುತ್ತೀರಿ. ಮರುದಿನ ಬಿಸಿಲು ಬಿತ್ತು ಅಂದರೆ ಚರ್ಮ ಒಣಗಿ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಆಗ ಒಂದೋ ಚರ್ಮ ಸೀಳುತ್ತದೆ, ಇಲ್ಲ ಮರವನ್ನೇ ಎಳೆಯುತ್ತದೆ. ಮಂಗಳಾರತಿ ಆದ ಮೇಲೆ ಪ್ರತಿ ನಟ್ಟನ್ನೂ ಒಂದು ಸುತ್ತು ಬಿಡಿ. ಪ್ರಸಾದ ತಿಂದ ಮೇಲೆ ಅಂದರೆ ಮರೆಯುತ್ತೀರಿ. ಇದು ಯಾವುದೂ ಆಗದು ಅಂದರೆ ರೆಮೊ ಕಂಪನಿಯ ಪ್ಲಾಸ್ಟಿಕ್ ಚರ್ಮ ಹಾಕಿ, ಅದಕ್ಕೆ ಮಳೆ ತಟ್ಟುವುದಿಲ್ಲ. ಸದ್ದು ಸ್ವಲ್ಪ ಚೂಪು, ನನಗೆ ಹಿಡಿಸುವುದಿಲ್ಲ. ಆದರೆ ಶ್ರಾವಣವಿಡೀ ದಿನಾ ಬಾರಿಸುವವರಿಗೆ ಅದೇ ಸರಿ. ತರಿಸುವ ಮೊದಲು ಬಾಯಿಯ ಹೊರ ಅಳತೆ ತೆಗೆಯಿರಿ, ಒಂದೊಂದು ಕಂಪನಿಯದು ಒಂದೊಂದು ಅಳತೆ.

ಪ್ರಶ್ನೆ: ಮದ್ದಲೆಯ ಹಾಗೆ ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಹಾಕಿಸಿದರೆ ನಾದ ಜಾಸ್ತಿ ಬರುತ್ತದಾ?
(ಶಿರಸಿ)

ಉತ್ತರ: ಬೇಡ ಮಾರಾಯ್ರೇ. ಕಾಂಗೋದ ಚೆಂದ ಇರುವುದೇ ಬರೀ ಚರ್ಮದಲ್ಲಿ. ಅಂಗೈ ಇಡೀ ಬಿದ್ದರೆ ಒಂದು ಸದ್ದು, ಬೆರಳು ಅಂಚಿಗೆ ಬಿದ್ದರೆ ಒಂದು. ಕರಣೆ ಎಲ್ಲವನ್ನೂ ಕೊಲ್ಲುತ್ತದೆ. ಮದ್ದಲೆ ಮಾಡುವವರಿಂದ ಚರ್ಮ ಮಾತ್ರ ಹಾಕಿಸಿಕೊಳ್ಳಿ. ಸಮನಾಗಿ ಎಳೆಯುವ ಅವರ ಕೈ ನನಗೂ ಇಲ್ಲ.

ಪ್ರಶ್ನೆ: ನಾವು ಸಿದ್ದಿಗಳು. ನಮ್ಮ ಢಮಾಮಿ ಡ್ರಮ್ಮಿಗೂ ಕಾಂಗೋಕ್ಕೂ ಸಂಬಂಧ ಇದೆಯಾ ಸರ್? ಅಜ್ಜನ ಢಮಾಮಿಗೆ ಕಾಂಗೋದ ಬೋಲ್ಟು ಹಾಕಿಸಬಹುದಾ?
(ಯಲ್ಲಾಪುರ)

ಉತ್ತರ: ಎರಡರ ಹಿಂದೆಯೂ ಆಫ್ರಿಕಾ ಇದೆ ತಮ್ಮ, ದಾರಿ ಬೇರೆ. ಗುಲಾಮರಾಗಿ ಕ್ಯೂಬಾಕ್ಕೆ ಸಾಗಿಸಿದ ಮಧ್ಯ ಆಫ್ರಿಕಾದ ಜನರ ಡ್ರಮ್ಮುಗಳಿಂದ ಕಾಂಗೋ ಬಂತು. ನಿಮ್ಮ ಹಿರಿಯರನ್ನು ಪೋರ್ಚುಗೀಸರು ಗೋವಾಕ್ಕೆ ತಂದರು, ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಸೇರಿದರು. ಕಾಂಗೋ ನಿಲ್ಲಿಸಿ ಬಾರಿಸುವುದು, ಒಂದೇ ಮುಖ, ಕೆಳಗೆ ಬಾಯಿ ತೆರೆದಿರುತ್ತದೆ. ಢಮಾಮಿಗೆ ಎರಡು ಮುಖ. ಎರಡು ಕಡೆಯ ಚರ್ಮವೂ ಹಗ್ಗದಿಂದ ಒಂದನ್ನೊಂದು ಎಳೆದು ಹಿಡಿದಿರುವ ವಾದ್ಯಕ್ಕೆ ಬೋಲ್ಟು ಕೊರೆಯಬೇಡ, ಮರಕ್ಕೆ ತೂತು ಬಿದ್ದರೆ ಹಿಂದಕ್ಕೆ ಬಾರದು. ಹಗ್ಗ ಹೊಸದು ಹಾಕು. ನಿಮ್ಮ ಕೇರಿಯಲ್ಲಿ ಕಟ್ಟಲು ಬರುವ ಹಿರಿಯರು ಇದ್ದರೆ ಈ ವರ್ಷವೇ ಪಕ್ಕ ಕೂತು ಕಲಿ.

ಪ್ರಶ್ನೆ: ನನ್ನ ಕಾಂಗೋ ಮೇಲೆ ಗಾನ್ ಬಾಪ್ಸ್ ಅನ್ನುವ ಹಳೇ ಬಿಲ್ಲೆ ಇದೆ. ಡ್ಯೂಕೋ ಪೇಂಟ್ ಹೊಡೆಸಿ ಮಾರಿದರೆ ಒಳ್ಳೆಯ ಬೆಲೆ ಬರುತ್ತದಾ?
(ಹೊನ್ನಾವರ)

ಉತ್ತರ: ಪೇಂಟ್ ಹೊಡೆಸಿದ ದಿನವೇ ಬೆಲೆ ಇಳಿಯಿತು. ಗಾನ್ ಬಾಪ್ಸ್ 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಕಂಪನಿ. ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹಾಕಿ, ಅಲ್ಲಿನ ಡ್ರಮ್ಮು ಬರುವುದು ನಿಂತ ಮೇಲೆ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಎಲ್‌ಪಿ (ಲ್ಯಾಟಿನ್ ಪರ್ಕಷನ್) ಕಂಪನಿಗಿಂತ ಹಳೆಯದು. ಹುಡುಕುವವರು ಹಳೇ ಬಿಲ್ಲೆ, ಹಳೇ ವಾರ್ನಿಶ್ ಎರಡನ್ನೂ ನೋಡುತ್ತಾರೆ. ಆದರೆ ಆ ಹೆಸರು ಕೈ ಬದಲಾಗಿ ಇವತ್ತಿಗೂ ಮಾರಾಟದಲ್ಲಿದೆ, ಹಾಗಾಗಿ ಬಿಲ್ಲೆ ಒಂದನ್ನೇ ನಂಬಬೇಡಿ. ಸೋಪಿನ ನೀರಿನ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ಅಷ್ಟು ಸಾಕು. ಫೋಟೋ ಕಳಿಸುವಾಗ ಒಳಗಿನ ಜಾಯಿಂಟುಗಳದ್ದೂ ಕಳಿಸಿ.

ಪ್ರಶ್ನೆ: ಥಾಯ್ಲೆಂಡ್‌ನಲ್ಲಿ ಮಾಡಿದ ಕಾಂಗೋ. ಬುಡದಲ್ಲಿ ಸೂಜಿ ತೂತುಗಳು, ದಿನಾ ಹಿಟ್ಟಿನಂಥ ಪುಡಿ ಬೀಳುತ್ತದೆ.
(ಭಟ್ಕಳ)

ಉತ್ತರ: ಕುಟ್ಟೆ ಹುಳ. ಅಲ್ಲಿನ ಬಹಳಷ್ಟು ಡ್ರಮ್ಮುಗಳು ರಬ್ಬರ್ ಮರದ್ದು, ಹುಳಕ್ಕೆ ಆ ಮರ ಬಲು ಇಷ್ಟ. ಚರ್ಮ ಬಿಚ್ಚಿ, ಮರದ ಹುಳಕ್ಕೆ ಹಾಕುವ ಔಷಧಿಯನ್ನು ಸಿರಿಂಜಿನಿಂದ ಒಂದೊಂದೇ ತೂತಿಗೆ ಬಿಡಿ. ಒಳಮೈ ಬರೀ ಮರ ಇದ್ದರೆ ಅಲ್ಲೂ ಬ್ರಶ್‌ನಲ್ಲಿ ಹಚ್ಚಿ. ಕೈಗೆ ಗ್ಲೌಸ್ ಇರಲಿ, ಅಂಗಳದಲ್ಲಿ ಮಾಡಿ. ಒಣಗಿದ ಮೇಲೆ ತೂತುಗಳಿಗೆ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿಡಿ. ಹೊಸ ಪುಡಿ ಬಿದ್ದರೆ ಅದರ ಮೇಲೆ ಗೊತ್ತಾಗುತ್ತದೆ, ಆಗ ಇನ್ನೊಮ್ಮೆ ಔಷಧಿ. ಅಲ್ಲಿಯ ತನಕ ಮನೆಯ ಮಂಚ, ಕಪಾಟಿನಿಂದ ದೂರ ಇಡಿ.